ಅರಿವು ಮರೆಸಿ ಜೀವ ಕಾಯುವವರು

ಮೊನ್ನೆ ನಮ್ಮ ಬಂಧುಗಳ ಮನೆಯ ಹಿರಿಯ ತಾಯಿಯೊಬ್ಬರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತಾಲ್ಲೂಕು ಊರಿನ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಅಂದು ಬೆಳಿಗ್ಗೆ ಮಗಳು ಕರುಳು ತಡೆಯದೆ ತಾಯಿಗೆ ಒಂದು ಲೋಟ ಹಾಲು ಕುಡಿಸಿದ್ದಳು. ಅದನ್ನು ವಿಚಾರಿಸಿ ತಿಳಿದ ಅರಿವಳಿಕೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಮುಂದೂಡಿದರು. ಅವರು ಆ ಊರಿಗೆ ಬರುವುದು ವಾರಕ್ಕೆ ಎರಡೇ ದಿನ. ಹೀಗಾಗಿ ಆ ತಾಯಿ ಇನ್ನೂ ಮೂರು ದಿನ ನೋವುಣ್ಣಬೇಕಾಯಿತು. ಮನೆಯವರೊಡನೆ ನಾವೂ ಸಿಡಿಮಿಡಿಗೊಂಡೆವು; ಕಾರಣ ತಿಳಿದ ಮೇಲೆ ನಾಚಿದೆವು.

ಅರಿವು ತಪ್ಪಿದಾಗ ಗಂಟಲಿನ ಸಹಜ ಕಾವಲು ಸಡಿಲಗೊಳ್ಳುತ್ತದೆ. ಹೊಟ್ಟೆಯಲ್ಲಿದ್ದುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ. ಆದ್ದರಿಂದಲೇ ಲಘು ಆಹಾರಕ್ಕೂ ಹಾಲಿಗೂ 6 ಗಂಟೆ, ಬರಿಯ ನೀರಿಗೆ 2 ಗಂಟೆಗಳ ಅಂತರವಿರಬೇಕೆಂಬುದು ಸಾಮಾನ್ಯ ನಿಯಮ. ಜಿಡ್ಡಿನ ಊಟಕ್ಕೆ ಇನ್ನೂ ಹೆಚ್ಚು.

1846ರ ಅಕ್ಟೋಬರ್ 16ರಂದು ಬಾಸ್ಟನ್ ನಗರದಲ್ಲಿ ವಿಲಿಯಂ ಮಾರ್ಟನ್ ಈಥರಿನ ಪ್ರಯೋಗವನ್ನು ಎಲ್ಲರೆದುರು ತೋರಿದರು. ಮರುವರ್ಷವೇ ಅದು ಕಲ್ಕತ್ತೆಗೂ ಬಂದಿತು. ಅಂದಿನಿಂದ ಈ ವಿದ್ಯೆ ಬಹುದೂರ ಸಾಗಿದೆ. ವೃದ್ಧರಿಗೆ ಪೂರ್ಣ ಅರಿವಳಿಕೆ ಅಪಾಯ, ಬೆನ್ನಿಗೆ ಚುಚ್ಚುವುದೇ ಲೇಸೆಂಬ ನಂಬಿಕೆ ಹಲವರಲ್ಲಿದೆ. ಸೊಂಟದ ಮೂಳೆ ಮುರಿದ, 50 ವರ್ಷ ದಾಟಿದ 1600 ಜನರನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 60 ದಿನಗಳ ತರುವಾಯ ಬದುಕುಳಿದು ನಡೆದಾಡುವುದರಲ್ಲಿ ಬೆನ್ನಿನ ವಿಧಾನವೇ ಮೇಲೆಂದು ಕಂಡುಬರಲಿಲ್ಲ. ಹಸುಗೂಸುಗಳ ಕುರಿತು 2019ರಲ್ಲಿ ಹೊರಬಂದ ಅಧ್ಯಯನವೂ ಸಮಾಧಾನ ತರುವಂಥದು: ಒಂದು ಗಂಟೆಗಿಂತ ಕಡಿಮೆ ಅವಧಿಯ ಒಂದು ಬಾರಿಯ ಅರಿವಳಿಕೆಯಿಂದ, 5ನೆಯ ವಯಸ್ಸಿನಲ್ಲಿ ಅಳೆದ ಬುದ್ಧಿಮತ್ತೆಗೆ ಕುಂದು ಕಾಣಲಿಲ್ಲ.

ವಿದ್ಯೆ ಬೆಳೆದರೂ ಕೈಗಳು ಸಾಲವು. ಲಕ್ಷ ಜನರಿಗೆ ಕನಿಷ್ಠ 5 ಅರಿವಳಿಕೆ ವೈದ್ಯರಿರಬೇಕೆಂದು ಈ ತಜ್ಞರ ವಿಶ್ವ ಒಕ್ಕೂಟ ಹೇಳುತ್ತದೆ. ನಮ್ಮ ದೇಶ ಅದಕ್ಕಿಂತ ಬಹಳ ಕೆಳಗಿದೆ. ಇರುವವರಲ್ಲೂ ಹೆಚ್ಚಿನವರು ನಗರಗಳಲ್ಲಿದ್ದಾರೆ. ನಡುರಾತ್ರಿ ಹೆರಿಗೆ ಕಷ್ಟವಾದಾಗ ಶಸ್ತ್ರವೈದ್ಯರಿದ್ದೂ ಅರಿವಳಿಕೆಯವರಿಲ್ಲದೆ ತಾಯಿಯನ್ನು ದೂರದ ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕಾಗುವುದು ಇದರಿಂದಲೇ. ಇದಕ್ಕೆಂದೇ ಕೇಂದ್ರ ಸರ್ಕಾರವು ಎಂ.ಬಿ.ಬಿ.ಎಸ್. ವೈದ್ಯರಿಗೆ ತುರ್ತು ಹೆರಿಗೆಯ ಅರಿವಳಿಕೆಯಲ್ಲಿ 18 ವಾರಗಳ ತರಬೇತಿಯನ್ನು ರೂಪಿಸಿತು. ಆದರೆ ಹಾಗೆ ಕಲಿತವರನ್ನು ಶಸ್ತ್ರಚಿಕಿತ್ಸೆಯೇ ನಡೆಯದ ಸ್ಥಳಕ್ಕೆ ಹಾಕಿದರೆ ಕಲಿತದ್ದು ತುಕ್ಕು ಹಿಡಿಯುತ್ತದೆ. ಮೂರು ವರ್ಷ ಓದಿದ ತಜ್ಞರಿಗೆ ಇವರು ಬದಲಿಯೂ ಅಲ್ಲ.

ವೈದ್ಯರ ಕೊರತೆಯನ್ನು ನೀಗಿಸುವುದು ಸರ್ಕಾರದ ಹೊಣೆ. ಇರುವವರ ಕೆಲಸವನ್ನು ಹಗುರಗೊಳಿಸುವುದು ನಮ್ಮ ಕೈಯಲ್ಲಿದೆ. ಉಪವಾಸದ ನಿಯಮವನ್ನು ಮುರಿಯದಿರೋಣ. ಹಳೆಯ ಕಾಯಿಲೆ, ನುಂಗುವ ಗುಳಿಗೆ, ಹೊಗೆಸೊಪ್ಪಿನ ಚಟ, ಅಲುಗಾಡುವ ಹಲ್ಲು, ಇವಾವುದನ್ನೂ ಮುಚ್ಚಿಡದಿರೋಣ. ಮಕ್ಕಳನ್ನು ವೈದ್ಯರನ್ನಾಗಿಸಬಯಸುವ ತಂದೆತಾಯಂದಿರು ಈ ಶಾಖೆಯನ್ನೂ ಗೌರವದಿಂದ ಕಾಣಲಿ.

ಆ ಹಿರಿಯ ತಾಯಿ ಈಗ ಕೋಲೂರಿ ಅಂಗಳದವರೆಗೆ ನಡೆಯುತ್ತಾರೆ. ಮೂಳೆ ಜೋಡಿಸಿದ ವೈದ್ಯರ ಹೆಸರು ಮನೆಮಂದಿಗೆಲ್ಲ ಬಾಯಿಪಾಠ. ತಲೆಯ ಬಳಿ ಕುಳಿತು ಉಸಿರು ಕಾಯ್ದವರ ಹೆಸರನ್ನು ನಾವಾರೂ ಕೇಳಿರಲಿಲ್ಲ.