ಲೋಹದಲ್ಲಿಯೂ ಸಂಧಿಯುಂಟು

'ಮನೆ' ಎಂಬ ಪದಕ್ಕೆ 'ಅಲ್ಲಿ' ಸೇರಿದರೆ 'ಮನೆಯಲ್ಲಿ' ಆಗುತ್ತದೆ. ಎರಡು ಸ್ವರಗಳು ನೇರವಾಗಿ ಕೂಡಲಾರವು. ನಡುವೆ ಯಕಾರ ಬಂದು ಅವನ್ನು ಬೆಸೆಯುತ್ತದೆ. ಇದು ಆಗಮಸಂಧಿಯೆಂದು ಎಂಟನೆಯ ತರಗತಿಯ ಮಕ್ಕಳೂ ಬಲ್ಲರು. ಇಂಥ ಕಾರ್ಯ ಲೋಹಗಳಲ್ಲಿಯೂ ನಡೆಯುತ್ತದೆಂದರೆ ಕೆಲವು ಪಾಲಕರು ನಗಬಹುದು. "ಕನ್ನಡ ಕಥೆ-ಕವಿತೆಗೆ ಸರಿ ಮಾಸ್ತರೇ, ಸೈನ್ಸಿಗೆ ಇಂಗ್ಲಿಷೇ ಬೇಕು" ಎಂಬ ಮಾತು ನಮ್ಮ ಧನ್ವಾಡದ ಕಡೆ ಆಗಾಗ ಕೇಳಿಬರುತ್ತದೆ. ಆ ಮಾತನ್ನು ತಾಮ್ರದ ಮೇಲೆಯೇ ಒರೆಹಚ್ಚಿ ನೋಡೋಣ.

ತಾಮ್ರದ ಪಾತ್ರೆಗೆ ಕಲಾಯಿ ಹಾಕುವುದನ್ನು ಹಿರಿಯರೆಲ್ಲ ಕಂಡಿದ್ದಾರೆ. ಮೊದಲು ಪಾತ್ರೆಯನ್ನು ತಿಕ್ಕಿ ತೊಳೆದು ಕಾಯಿಸುತ್ತಾರೆ. ನವಸಾಗರದ ಪುಡಿ ಉದುರಿಸಿದಾಗ ದಟ್ಟ ಹೊಗೆ ಏಳುತ್ತದೆ. ಬಳಿಕ ತವರ ಮುಟ್ಟಿಸಿ ಹತ್ತಿಯಿಂದ ಸವರುತ್ತಾರೆ. ತವರ ಕರಗಲು 232 ಡಿಗ್ರಿ ಸೆಲ್ಸಿಯಸ್ ಸಾಕು. ಆದರೆ ಕರಗಿದ ಮಾತ್ರಕ್ಕೆ ಅದು ಅಂಟದು. ತಾಮ್ರದ ಮೇಲಿನ ಕಿಲುಬನ್ನು ನವಸಾಗರ ತೆಗೆದುಹಾಕಿದ ಮೇಲೆಯೇ ತಾಮ್ರ-ತವರಗಳು ಪರಸ್ಪರ ವರ್ತಿಸಿ, ನಡುವೆ ಹೊಸದೊಂದು ತೆಳುಪದರ ಹುಟ್ಟಿ, ಕಲಾಯಿ ನಿಲ್ಲುತ್ತದೆ.

ಇದೇ ತತ್ತ್ವ ಇಂದಿನ ಕಾರ್ಖಾನೆಗಳಲ್ಲಿಯೂ ಇದೆ. ಟ್ರ್ಯಾಕ್ಟರಿನ ಸ್ಟಾರ್ಟರ್ ಮೋಟರಿನಲ್ಲಿ ಬ್ರಷ್ ಎಂಬ ಚಿಕ್ಕ ತುಂಡು ಇರುತ್ತದೆ. ಅದರಲ್ಲಿ ತಾಮ್ರ ಮತ್ತು ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ವಸ್ತು, ಜೊತೆಗೂಡಿರುತ್ತವೆ. ತಾಮ್ರ ವಿದ್ಯುತ್ತನ್ನು ಹರಿಸುತ್ತದೆ. ಗ್ರಾಫೈಟ್ ಸವೆತವನ್ನು ತಗ್ಗಿಸುತ್ತದೆ. ಹೀಗೆ ಲೋಹದೊಳಗೆ ಬೇರೊಂದು ವಸ್ತುವಿನ ಕಣಗಳನ್ನು ಹುದುಗಿಸಿದ ಪದಾರ್ಥವನ್ನು ಕಾಂಪೋಸಿಟ್ ಎನ್ನುತ್ತಾರೆ.

ಆದರೆ ಇವೆರಡಕ್ಕೂ ಹೊಂದಾಣಿಕೆ ಇಲ್ಲ. ತಾಮ್ರ 1085 ಡಿಗ್ರಿಯಲ್ಲಿ ಕರಗಿದರೂ, ಗ್ರಾಫೈಟಿನ ಮೇಲೆ ತಾವರೆಯೆಲೆಯ ನೀರಿನಂತೆ ಉಂಡೆಯಾಗಿ ನಿಲ್ಲುತ್ತದೆ. ನಮ್ಮ ವ್ಯಾಕರಣದ ಪ್ರಕೃತಿಭಾವದಂತೆ, ಪಕ್ಕದಲ್ಲಿದ್ದರೂ ಸಂಧಿಯಿಲ್ಲ! ಆದ್ದರಿಂದ ಎರಡನ್ನೂ ಪುಡಿಮಾಡಿ, ಬೆರೆಸಿ, ಒತ್ತಿ, ತಾಮ್ರ ಕರಗದಷ್ಟು ಕಾವಿನಲ್ಲಿ ಬೇಯಿಸುತ್ತಾರೆ. ಬೆಸುಗೆ ಇನ್ನೂ ಗಟ್ಟಿಯಾಗಬೇಕಾದರೆ ಸ್ವಲ್ಪ ಕ್ರೋಮಿಯಂ ಸೇರಿಸುತ್ತಾರೆ. ಅದು ಗ್ರಾಫೈಟಿನ ಇಂಗಾಲದೊಡನೆ ಕೂಡಿ ಗಡಿಯಲ್ಲಿ ಕಾರ್ಬೈಡಿನ ತೆಳುಪದರವಾಗುತ್ತದೆ. ಆ ಪದರಕ್ಕೆ ತಾಮ್ರ ಹಿಡಿಯುತ್ತದೆ. ಇದು ಯಕಾರಾಗಮವಲ್ಲದೆ ಮತ್ತೇನು?

ಗಡಿಯ ಬೆಸುಗೆ ಸಡಿಲವಾದರೆ ತಾಮ್ರದ ಮೇಲೆ ಬಿದ್ದ ಭಾರ ಕಣಗಳಿಗೆ ದಾಟುವುದಿಲ್ಲ. ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ನಡುವಿನ ಪದರ ಅತಿಯಾಗಿ ದಪ್ಪವಾದರೂ ಪೆಡಸಾಗಿ ಒಡೆಯುತ್ತದೆ. ಪುಡಿಯಿಂದ ಲೋಹವಸ್ತುಗಳನ್ನು ರೂಪಿಸುವ ಇಂಥ ವಿದ್ಯೆಗೆಂದೇ ನಮಗೆ ಹತ್ತಿರದ ಹೈದರಾಬಾದಿನಲ್ಲಿ 1997ರಲ್ಲಿ ಎ.ಆರ್.ಸಿ.ಐ. ಎಂಬ ಸಂಶೋಧನ ಕೇಂದ್ರ ಆರಂಭವಾಯಿತು. ನಮ್ಮ ಮಕ್ಕಳು ಅಲ್ಲಿಗೆ ಹೋಗಬಾರದೇಕೆ?

ಹೋಗಬೇಕಾದರೆ ಇಂಗ್ಲಿಷ್ ಬೇಕು, ನಿಜ. ನಾವಿರುವ ರಾಜ್ಯದ ತೆಲುಗೂ ಬೇಕು. ಆದರೆ ಕನ್ನಡ ಬಿಡಿಸಿ ಇಂಗ್ಲಿಷ್ ಕೊಡಿಸಿದರೆ ವಿದ್ಯೆ ಬಂದಂತಾಗದು. ಅರ್ಥವಾಗದೆ ಬಾಯಿಪಾಠ ಮಾಡಿದ ಪದ ಕಿಲುಬಿನ ಮೇಲಿನ ಕಲಾಯಿ. ಪರೀಕ್ಷೆ ಮುಗಿದೊಡನೆ ಉದುರುತ್ತದೆ. ಮೊದಲು ವಿಷಯ ಮನೆಮಾತಿನಲ್ಲಿ ತಿಳಿಯಲಿ; ಆ ತಿಳಿವೇ ಇಂಗ್ಲಿಷ್ ಪದವನ್ನು ಹಿಡಿದಿಡುವ ನಡುಪದರ.

ವಿದ್ಯಾರ್ಥಿಗಳೇ, ವಿಜ್ಞಾನದ ನೋಟುಬುಕ್ಕಿನಲ್ಲಿ ಪ್ರತಿ ಪಾಠಕ್ಕೂ ಒಂದು ಪುಟ ಬಿಡಿರಿ. ಹೊಸ ಪದವನ್ನು ಕನ್ನಡ, ತೆಲುಗು, ಇಂಗ್ಲಿಷುಗಳಲ್ಲಿ ಬರೆದು, ಕೆಳಗೆ ನಿಮ್ಮ ಮಾತಿನಲ್ಲಿ ಎರಡು ವಾಕ್ಯದ ಅರ್ಥ ಬರೆಯಿರಿ. ಪಾಲಕರೇ, ಸಂಜೆ ಆ ಎರಡು ವಾಕ್ಯಗಳನ್ನು ಮಕ್ಕಳಿಂದ ಹೇಳಿಸಿ ಕೇಳಿರಿ. ಅವು ನಿಮಗೂ ತಿಳಿದರೆ ಮಗುವಿಗೆ ಪಾಠ ಹತ್ತಿದೆಯೆಂದೇ ಅರ್ಥ.