ಅಧ್ಯಾಪಕರಿಗೆ ವಿದ್ಯಾರ್ಥಿಗಳ ಅಂಕ: ಸರಾಸರಿ ಹೇಳದ ಸತ್ಯ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳಿಗೆ ಎರಡು ಕೆಲಸಗಳು ಎದುರಾಗುತ್ತವೆ. ಒಂದು, ಪರೀಕ್ಷೆ ಬರೆಯುವುದು. ಇನ್ನೊಂದು, ಪಾಠ ಹೇಳಿದವರಿಗೆ ಅಂಕ ನೀಡುವುದು. ಮೊದಲನೆಯದಕ್ಕೆ ಕೊಠಡಿ ಮೇಲ್ವಿಚಾರಕರಿದ್ದಾರೆ, ನಿಯಮಾವಳಿಯಿದೆ, ಫಲಿತಾಂಶ ಒಪ್ಪಿಗೆಯಾಗದಿದ್ದರೆ ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ಅವಕಾಶವಿದೆ. ಎರಡನೆಯದಕ್ಕೆ ಇರುವುದು ಮೊಬೈಲ್ ಪರದೆಯ ಮೇಲೆ ಮೂಡುವ ಒಂದು ನಮೂನೆ ಮಾತ್ರ. ಒಂದರಿಂದ ಐದರವರೆಗಿನ ಅಂಕಿಗಳ ಮೇಲೆ ಬೆರಳೊತ್ತಿದರೆ ಕೆಲಸ ಮುಗಿಯಿತು. ಹೀಗೆ ಸಂಗ್ರಹವಾದ ಅಂಕಿಗಳು ಎಲ್ಲಿಗೆ ಹೋಗುತ್ತವೆ, ಯಾರು ಓದುತ್ತಾರೆ, ಅವುಗಳಿಂದ ಯಾರಿಗೆ ಏನಾಗುತ್ತದೆ ಎಂಬುದು ಅಂಕ ಕೊಟ್ಟವರಿಗೂ ತಿಳಿಯದು, ಪಡೆದವರಿಗೂ ತಿಳಿಯದು ಎಂಬ ಸ್ಥಿತಿ ಹಲವು ಕಡೆ ಇದೆ.

ವಿದ್ಯಾರ್ಥಿಗಳಿಂದ ಅಧ್ಯಾಪಕರ ಮೌಲ್ಯಮಾಪನ ಹೊಸ ಸಂಗತಿಯಲ್ಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರಜ್ಞ ಹರ್ಮನ್ ರೆಮರ್ಸ್ 1920ರ ದಶಕದಲ್ಲಿಯೇ ಇದಕ್ಕೊಂದು ಅಳತೆಗೋಲನ್ನು ರೂಪಿಸಿದ್ದರು. ಪಾಠ ವಿದ್ಯಾರ್ಥಿಗೆ ಹೇಗೆ ತಲುಪುತ್ತಿದೆ ಎಂಬುದನ್ನು ಅಧ್ಯಾಪಕರಿಗೆ ತಿಳಿಸುವುದು ಅದರ ಆಶಯವಾಗಿತ್ತು. ಕಾಲಕ್ರಮೇಣ ಅದೇ ಅಂಕಿ ನೇಮಕ, ಬಡ್ತಿ ಹಾಗೂ ಸೇವಾ ಭದ್ರತೆಯ ಕಡತಗಳನ್ನು ಸೇರಿತು. ತಿದ್ದಿಕೊಳ್ಳಲು ನೆರವಾಗಬೇಕಿದ್ದ ಕನ್ನಡಿ ತೀರ್ಪು ಕೊಡುವ ತಕ್ಕಡಿಯಾಯಿತು. ಇಂದಿನ ಬಹುತೇಕ ವಿವಾದಗಳ ಮೂಲ ಇಲ್ಲಿದೆ.

ಕಾಗದದಿಂದ ಪರದೆಗೆ

ಮೊದಲು ಈ ನಮೂನೆಗಳನ್ನು ತರಗತಿಯಲ್ಲಿಯೇ ಹಂಚಿ, ಅಲ್ಲಿಯೇ ತುಂಬಿಸಿಕೊಳ್ಳಲಾಗುತ್ತಿತ್ತು. ಅಂದು ಹಾಜರಿದ್ದವರಲ್ಲಿ ಹೆಚ್ಚಿನವರು ಉತ್ತರಿಸುತ್ತಿದ್ದರು. ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಮುದ್ರಣದ ಖರ್ಚು ಉಳಿಯಿತು, ಎಣಿಕೆಯ ಶ್ರಮ ತಪ್ಪಿತು, ಅಕ್ಷರದ ಗುರುತಿನಿಂದ ಬರೆದವರು ಯಾರೆಂದು ಪತ್ತೆಯಾಗುವ ಭಯವೂ ಕಡಿಮೆಯಾಯಿತು. ಆದರೆ ಉತ್ತರಿಸುವವರ ಸಂಖ್ಯೆ ಕುಸಿಯಿತು. ಆಸ್ಟ್ರೇಲಿಯಾದ ಸಂಶೋಧಕ ಡಂಕನ್ ನಲ್ಟಿ 2008ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಾಗದದ ಸಮೀಕ್ಷೆಗೆ ಸರಾಸರಿ ಶೇ 56ರಷ್ಟು, ಆನ್‌ಲೈನ್ ಸಮೀಕ್ಷೆಗೆ ಶೇ 33ರಷ್ಟು ಮಾತ್ರ ಪ್ರತಿಕ್ರಿಯೆ ಬಂದಿರುವುದು ಕಂಡುಬಂದಿತು.

ಇದನ್ನು ಕೇವಲ ಸಂಖ್ಯೆಯ ಕೊರತೆಯೆಂದು ತಳ್ಳಿಹಾಕುವಂತಿಲ್ಲ. ಅರವತ್ತು ಮಂದಿಯ ತರಗತಿಯಲ್ಲಿ ಹನ್ನೆರಡು ಮಂದಿ ಉತ್ತರಿಸಿದರೆ ಆ ಹನ್ನೆರಡು ಮಂದಿ ಯಾರು ಎಂಬ ಪ್ರಶ್ನೆ ಏಳುತ್ತದೆ. ಅತಿಯಾಗಿ ಮೆಚ್ಚಿದವರೋ, ತೀವ್ರವಾಗಿ ಅಸಮಾಧಾನಗೊಂಡವರೋ, ಅಥವಾ ನೆನಪೋಲೆ ಬಂದೊಡನೆ ಶಾಸ್ತ್ರಕ್ಕೆಂದು ತುಂಬಿ ಕಳುಹಿಸಿದವರೋ? ಮೌನವಾಗುಳಿದ ನಲವತ್ತೆಂಟು ಮಂದಿಯ ಅಭಿಪ್ರಾಯವೂ ಇದೇ ಆಗಿತ್ತೆಂದು ಹೇಳಲು ಆಧಾರವಿಲ್ಲ.

ನ್ಯಾಕ್ ಲೆಕ್ಕಾಚಾರ

ಭಾರತದಲ್ಲಿ ಈ ಪ್ರಶ್ನೆಗೆ ಮಹತ್ವ ತಂದುಕೊಟ್ಟಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು, ಅಂದರೆ ನ್ಯಾಕ್. 2017ರಲ್ಲಿ ಪರಿಷ್ಕೃತಗೊಂಡ ಅದರ ಚೌಕಟ್ಟಿನಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಒಂದು ಮಾನದಂಡವಾಯಿತು. ಸಂಸ್ಥೆಯು ವಿದ್ಯಾರ್ಥಿಗಳ ಪಟ್ಟಿಯನ್ನು ಇ-ಮೇಲ್ ವಿಳಾಸಗಳೊಂದಿಗೆ ಸಲ್ಲಿಸಬೇಕು. ಪ್ರಶ್ನಾವಳಿ ಅವರಿಗೆ ಆನ್‌ಲೈನ್ ಮೂಲಕ ತಲುಪುತ್ತದೆ. ಇಪ್ಪತ್ತು ಪ್ರಶ್ನೆಗಳಿಗೆ ಸೊನ್ನೆಯಿಂದ ನಾಲ್ಕರವರೆಗಿನ ಅಂಕ, ಇಪ್ಪತ್ತೊಂದನೆಯದಕ್ಕೆ ವಿದ್ಯಾರ್ಥಿಯ ಸ್ವಂತ ಮಾತುಗಳಲ್ಲಿ ಸಲಹೆ.

ಈ ಸಮೀಕ್ಷೆ ಪರಿಗಣನೆಗೆ ಬರಬೇಕಾದರೆ ಕಾಲೇಜುಗಳಲ್ಲಿ ಶೇ 10ರಷ್ಟು ಅಥವಾ 100 ವಿದ್ಯಾರ್ಥಿಗಳು, ವಿಶ್ವವಿದ್ಯಾಲಯಗಳಲ್ಲಿ ಶೇ 10ರಷ್ಟು ಅಥವಾ 500 ವಿದ್ಯಾರ್ಥಿಗಳು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಮಂದಿ ಉತ್ತರಿಸಬೇಕೆಂದು ಆ ಚೌಕಟ್ಟು ನಿಗದಿಪಡಿಸಿತು. ಮೂರು ಸಾವಿರ ವಿದ್ಯಾರ್ಥಿಗಳಿರುವ ಕಾಲೇಜಿಗೆ ಇದನ್ನು ಅನ್ವಯಿಸಿದರೆ ನೂರು ಉತ್ತರಗಳೇ ಸಾಕು. ಅಂದರೆ ಮೂವತ್ತು ಮಂದಿಯಲ್ಲಿ ಒಬ್ಬರು ಮಾತನಾಡಿದರೆ ಇಡೀ ಕಾಲೇಜು ಮಾತನಾಡಿದಂತೆ. ನೂರು ಮಂದಿಯನ್ನು ಯದ್ವಾತದ್ವಾ ಆಯ್ದಿದ್ದರೆ ಅದಕ್ಕೊಂದು ಅರ್ಥವಿರುತ್ತಿತ್ತು. ತಾವಾಗಿ ಮುಂದೆ ಬಂದ ನೂರು ಮಂದಿ, ಅದರಲ್ಲೂ ಅಂಕ ಕೊಡುವಂತೆ ವಿಭಾಗಗಳಿಂದ ಸೂಚನೆ ಪಡೆಯುವ ಸಾಧ್ಯತೆಯಿರುವ ನೂರು ಮಂದಿ ಎಂದಾಗ ಆ ಅರ್ಥ ಸಡಿಲಗೊಳ್ಳುತ್ತದೆ. ಒಳ್ಳೆಯ ಶ್ರೇಣಿ ಸಿಕ್ಕರೆ ಕಾಲೇಜಿನ ಪ್ರತಿಷ್ಠೆಯ ಜೊತೆಗೆ ತನ್ನ ಪದವಿಯ ಬೆಲೆಯೂ ಹೆಚ್ಚುತ್ತದೆ ಎಂಬ ಅರಿವಿರುವ ವಿದ್ಯಾರ್ಥಿ, ತನಗೆ ತಾನೇ ಕಡಿಮೆ ಅಂಕ ಕೊಟ್ಟುಕೊಳ್ಳುವನೇ?

ಶ್ರೇಣಿಗಳ ಬದಲು ಮಾನ್ಯತೆ ಇದೆ ಅಥವಾ ಇಲ್ಲ ಎಂಬ ಎರಡೇ ಫಲಿತಾಂಶಗಳ ಪದ್ಧತಿಗೆ ಹೊರಳುವುದಾಗಿ ನ್ಯಾಕ್ 2024ರ ಜನವರಿಯಲ್ಲಿ ಪ್ರಕಟಿಸಿತು. ಪದ್ಧತಿ ಯಾವುದೇ ಇರಲಿ, ವಿದ್ಯಾರ್ಥಿಯ ಮಾತನ್ನು ಕೇಳಬೇಕೆಂಬ ತತ್ವ ಉಳಿಯಲೇಬೇಕು. ಹೇಗೆ ಕೇಳಬೇಕು ಎಂಬುದಷ್ಟೇ ಪ್ರಶ್ನೆ.

ಅಂಕಿ ಅಳೆಯುವುದೇನನ್ನು?

ಹೆಚ್ಚು ಅಂಕ ಪಡೆದ ಅಧ್ಯಾಪಕರ ತರಗತಿಯಲ್ಲಿ ವಿದ್ಯಾರ್ಥಿಗಳು ಹೆಚ್ಚು ಕಲಿಯುತ್ತಾರೆ ಎಂಬ ನಂಬಿಕೆ ದೀರ್ಘಕಾಲ ಪ್ರಚಲಿತದಲ್ಲಿತ್ತು. ಬಾಬ್ ಅಟ್ಲ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನು ಮರುಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ವಿಶ್ಲೇಷಣೆ, ಅಂಕಕ್ಕೂ ಕಲಿಕೆಗೂ ಅಂಥ ಸಂಬಂಧ ಕಾಣುವುದಿಲ್ಲ ಎಂಬ ತೀರ್ಮಾನಕ್ಕೆ ಬಂತು.

ಅಮೆರಿಕದ ಉತ್ತರ ಕೆರೊಲಿನಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಕುತೂಹಲಕರ. ಆನ್‌ಲೈನ್ ಕೋರ್ಸೊಂದರಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಬೋಧಕರು ತಲಾ ಎರಡು ಗುಂಪುಗಳಿಗೆ ಪಾಠ ಮಾಡಿದರು. ಒಂದು ಗುಂಪಿಗೆ ಸ್ವಂತ ಗುರುತಿನಲ್ಲಿ, ಇನ್ನೊಂದಕ್ಕೆ ಪರಸ್ಪರರ ಗುರುತಿನಲ್ಲಿ. ಎಲ್ಲ ಗುಂಪುಗಳಿಗೂ ಉತ್ತರಗಳನ್ನು ತಿದ್ದಿ ಮರಳಿಸಿದ್ದು ಒಂದೇ ಸಮಯಕ್ಕೆ. ಆದರೂ ತ್ವರಿತತೆಯ ಬಗ್ಗೆ ಕೇಳಿದಾಗ, ಗಂಡಸೆಂದು ನಂಬಿದ್ದ ಬೋಧಕರಿಗೆ ಐದರಲ್ಲಿ 4.35, ಹೆಂಗಸೆಂದು ನಂಬಿದ್ದವರಿಗೆ 3.55 ಅಂಕ ದೊರೆಯಿತು. ಪ್ರಯೋಗ ಸಣ್ಣದು, ಉತ್ತರಿಸಿದವರು ನಲವತ್ತಕ್ಕಿಂತ ತುಸು ಹೆಚ್ಚು. ಆದರೆ ಗಡಿಯಾರದಿಂದ ಅಳೆಯಬಹುದಾದ ಸಂಗತಿಯಲ್ಲಿಯೇ ಪೂರ್ವಗ್ರಹ ಹೀಗೆ ಇಣುಕುವುದಾದರೆ, ಗೌರವ, ನಿಷ್ಪಕ್ಷಪಾತ, ಪಾಂಡಿತ್ಯಗಳಂಥ ಪ್ರಶ್ನೆಗಳ ಪಾಡೇನು? ಲಿಂಗದ ಜೊತೆಗೆ ಜಾತಿ, ಭಾಷೆ, ಉಚ್ಚಾರಣೆಗಳ ಪದರಗಳೂ ಇರುವ ಭಾರತೀಯ ತರಗತಿಯಲ್ಲಿ ಈ ಪ್ರಶ್ನೆ ಮತ್ತಷ್ಟು ಗಂಭೀರ.

ಸರಾಸರಿಯ ಮೋಸವೂ ಸಣ್ಣದಲ್ಲ. ಹನ್ನೆರಡು ವಿದ್ಯಾರ್ಥಿಗಳು ತಲಾ ಮೂರು ಅಂಕ ಕೊಟ್ಟರೆ ಸರಾಸರಿ ಮೂರು. ಆರು ಮಂದಿ ಐದು, ಆರು ಮಂದಿ ಒಂದು ಕೊಟ್ಟರೂ ಸರಾಸರಿ ಮೂರೇ. ಮೊದಲನೆಯದು ಸಾಧಾರಣ ತರಗತಿ. ಎರಡನೆಯದರಲ್ಲಿ ಅರ್ಧದಷ್ಟು ಮಂದಿಗೆ ಪಾಠ ತಲುಪಿಯೇ ಇಲ್ಲ. ಅದಕ್ಕೆ ಮಾಧ್ಯಮ ಬದಲಾದ ತೊಡಕು ಕಾರಣವೋ, ಹಿಂದಿನ ತರಗತಿಯ ಬುನಾದಿ ಕಾರಣವೋ ಎಂದು ಹುಡುಕಬೇಕು. ಒಂದೇ ಅಂಕಿಯನ್ನು ಮೇಜಿನ ಮೇಲಿಟ್ಟುಕೊಂಡ ಆಡಳಿತಕ್ಕೆ ಇವೆರಡರ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಟೊರಾಂಟೊ ತೀರ್ಪು

ಈ ವಾದಗಳೆಲ್ಲ ಒಂದೇ ವೇದಿಕೆಯಲ್ಲಿ ಪರೀಕ್ಷೆಗೊಳಗಾದದ್ದು ಕೆನಡಾದ ಟೊರಾಂಟೊ ನಗರದಲ್ಲಿ. ಅಲ್ಲಿನ ರಯರ್ಸನ್ ವಿಶ್ವವಿದ್ಯಾಲಯ (2022ರಿಂದ ಟೊರಾಂಟೊ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯ) ಮತ್ತು ಅಧ್ಯಾಪಕರ ಸಂಘದ ನಡುವೆ ವರ್ಷಗಳ ಕಾಲ ನಡೆದ ವಿವಾದದಲ್ಲಿ ಮಧ್ಯಸ್ಥಿಕೆದಾರ ವಿಲಿಯಂ ಕ್ಯಾಪ್ಲಾನ್ 2018ರ ಜೂನ್‌ನಲ್ಲಿ ತೀರ್ಪು ನೀಡಿದರು. ಬಡ್ತಿ ಮತ್ತು ಕಾಯಂ ನೇಮಕದ ಸಂದರ್ಭದಲ್ಲಿ ಬೋಧನೆಯ ಪರಿಣಾಮವನ್ನು ಅಳೆಯಲು ವಿದ್ಯಾರ್ಥಿ ಸಮೀಕ್ಷೆಯ ಫಲಿತಾಂಶವನ್ನು ಬಳಸಕೂಡದು ಎಂಬುದು ಅದರ ತಿರುಳು. ಸರಾಸರಿಗಳ ಬಳಕೆಯನ್ನೂ ತೀರ್ಪು ಕಟುವಾಗಿ ತಳ್ಳಿಹಾಕಿತು.

ಅದೇ ತೀರ್ಪು ವಿದ್ಯಾರ್ಥಿಗಳ ಬಾಯಿ ಮುಚ್ಚಿಸಲಿಲ್ಲ ಎಂಬುದು ಗಮನಾರ್ಹ. ತರಗತಿಯ ಅನುಭವವನ್ನು ಹೇಳಲು ವಿದ್ಯಾರ್ಥಿಗಳಿಗಿಂತ ಸಮರ್ಥರಿಲ್ಲ ಎಂಬುದನ್ನು ಅದು ಒಪ್ಪಿಕೊಂಡಿತು. ಅಧ್ಯಾಪಕರ ಮಾತು ಸ್ಪಷ್ಟವಾಗಿ ಕೇಳಿಸಿತೇ, ತರಗತಿಗಳು ಸಕಾಲಕ್ಕೆ ನಡೆದವೇ, ಅನುಮಾನ ಕೇಳಲು ಅವಕಾಶವಿತ್ತೇ ಎಂಬಂಥ ಪ್ರಶ್ನೆಗಳಿಗೆ ಉತ್ತರಿಸಬಲ್ಲವರು ಬೆಂಚಿನ ಮೇಲೆ ಕುಳಿತವರೇ. ಪಠ್ಯವಸ್ತು ಇಂದಿನ ಜ್ಞಾನಕ್ಕೆ ಸರಿಸಾಟಿಯೇ, ಅಧ್ಯಾಪಕರ ಪಾಂಡಿತ್ಯ ಎಷ್ಟು ಎಂಬುದನ್ನು ಸಹೋದ್ಯೋಗಿಗಳು ಹೇಳಬೇಕು.

ಕರ್ನಾಟಕದ ಪಾಲಿಗೆ

ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಪಾಠದ ಭಾರವನ್ನು ಹೊತ್ತವರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿದ್ದಾರೆ. ಕಾಯಂ ಅಧ್ಯಾಪಕರಿಗೆ ಕಡಿಮೆ ಅಂಕ ಬಂದರೆ ಹೆಚ್ಚೆಂದರೆ ಮುಜುಗರ. ವರ್ಷ ವರ್ಷ ಆಯ್ಕೆಗೆ ಕಾಯುವ ಅತಿಥಿ ಉಪನ್ಯಾಸಕರ ವಿಷಯದಲ್ಲಿ ಅದೇ ಅಂಕಿ ಮುಂದಿನ ವರ್ಷದ ಅನ್ನದ ಪ್ರಶ್ನೆಯಾಗಬಲ್ಲದು. ಇಂಥವರು ಆಂತರಿಕ ಅಂಕಗಳಲ್ಲಿ ಉದಾರಿಗಳಾಗಿ, ಹಾಜರಾತಿಯಲ್ಲಿ ಕಣ್ಣುಮುಚ್ಚಿ, ಕಠಿಣ ಅಧ್ಯಾಯಗಳನ್ನು ಹಾರಿಸಿ ಸಾಗಿದರೆ ಆಶ್ಚರ್ಯಪಡಬೇಕಿಲ್ಲ. ನಷ್ಟ ಕೊನೆಗೆ ವಿದ್ಯಾರ್ಥಿಯದೇ.

ಇತ್ತ ವಿದ್ಯಾರ್ಥಿಗೂ ಭಯವಿದೆ. ನೋಂದಣಿ ಸಂಖ್ಯೆ ಹಾಕಿ ಒಳಹೊಕ್ಕ ಮೇಲೆ ಹೆಸರು ಗೋಪ್ಯವೆಂದು ಎಷ್ಟು ಹೇಳಿದರೂ ನಂಬುವುದು ಕಷ್ಟ. ಎಂಟು ಮಂದಿಯ ಸ್ನಾತಕೋತ್ತರ ತರಗತಿಯಲ್ಲಿ ಬರೆದ ಒಂದು ಸಾಲಿನಿಂದಲೇ ಬರೆದವರು ಯಾರೆಂದು ತಿಳಿಯುತ್ತದೆ. ಆಂತರಿಕ ಅಂಕ, ಪ್ರಾಯೋಗಿಕ ಪರೀಕ್ಷೆ, ಪ್ರಬಂಧದ ಮಾರ್ಗದರ್ಶನ ಎಲ್ಲವೂ ಅದೇ ಅಧ್ಯಾಪಕರ ಕೈಯಲ್ಲಿರುವಾಗ ಬೆಕ್ಕಿಗೆ ಗಂಟೆ ಕಟ್ಟುವವರಾರು?

ದುಬಾರಿಯಲ್ಲದ ದಾರಿಗಳು

ಪರಿಹಾರಕ್ಕೆ ಹೊಸ ತಂತ್ರಾಂಶ ಕೊಳ್ಳಬೇಕಾಗಿಲ್ಲ. ತರಗತಿಯ ಹದಿನೈದು ನಿಮಿಷವನ್ನು ಇದಕ್ಕೆಂದೇ ಬಿಟ್ಟುಕೊಟ್ಟು, ಅಧ್ಯಾಪಕರು ಹೊರಗಿದ್ದಾಗ ವಿದ್ಯಾರ್ಥಿಗಳು ಮೊಬೈಲ್‌ನಲ್ಲಿ ಉತ್ತರಿಸುವಂತೆ ಮಾಡಿದರೆ ಪ್ರತಿಕ್ರಿಯೆಯ ಪ್ರಮಾಣ ಏರುತ್ತದೆ. ಪ್ರಶ್ನೆಗಳು ಕಡಿಮೆಯಿದ್ದು, ಕನ್ನಡದಲ್ಲಿಯೂ ಇರಬೇಕು. ವಿದ್ಯಾರ್ಥಿ ಕಂಡುಂಡ ಸಂಗತಿಗಳಿಗೆ ಸೀಮಿತವಾಗಿರಬೇಕು. ಸಣ್ಣ ತರಗತಿಗಳ ಉತ್ತರಗಳನ್ನು ಎರಡು ಮೂರು ವರ್ಷಗಳದ್ದು ಕೂಡಿದ ಮೇಲಷ್ಟೇ ತೋರಿಸಬೇಕು. ಉಳಿದ ಫಲಿತಾಂಶಗಳೂ ಅಂಕಪಟ್ಟಿ ಪ್ರಕಟವಾದ ನಂತರವೇ ಅಧ್ಯಾಪಕರ ಕೈಸೇರಬೇಕು. ಸರಾಸರಿಯ ಬದಲು, ಎಷ್ಟು ಮಂದಿ ಎಷ್ಟು ಅಂಕ ಕೊಟ್ಟರು, ಎಷ್ಟು ಮಂದಿ ಉತ್ತರಿಸಲೇ ಇಲ್ಲ ಎಂಬ ಪಟ್ಟಿ ನೀಡಬೇಕು. ನೇಮಕ, ಬಡ್ತಿಗಳ ಸಂದರ್ಭದಲ್ಲಿ ಸಹೋದ್ಯೋಗಿಗಳ ಪರಿಶೀಲನೆ, ಪಾಠದ ಟಿಪ್ಪಣಿ, ಪ್ರಶ್ನೆಪತ್ರಿಕೆಗಳ ಗುಣಮಟ್ಟಗಳನ್ನು ಬಿಟ್ಟು ಈ ಅಂಕಿಯೊಂದನ್ನೇ ನೆಚ್ಚಕೂಡದು.

ಎಲ್ಲಕ್ಕಿಂತ ಮಿಗಿಲಾಗಿ, ಅಭಿಪ್ರಾಯವನ್ನು ಸೆಮಿಸ್ಟರ್ ನಡುವೆಯೇ ಒಮ್ಮೆ ಕೇಳಬೇಕು. ಕೊನೆಯ ವಾರ ಹೇಳಿದ ಮಾತಿನ ಪ್ರಯೋಜನ ಹೇಳಿದವರಿಗೆ ಸಿಗುವುದಿಲ್ಲ. ಮುಂದಿನ ತಂಡಕ್ಕೆ ಸಿಕ್ಕರೆ ಅವರ ಪುಣ್ಯ. ಆರನೆಯ ವಾರ ಕೇಳಿ, ಎಂಟನೆಯ ವಾರ ಪ್ರಯೋಗಾಲಯದ ವೇಳಾಪಟ್ಟಿ ಬದಲಾದರೆ, ಹತ್ತನೆಯ ವಾರದ ನಮೂನೆಗೆ ವಿದ್ಯಾರ್ಥಿ ತಾನಾಗಿಯೇ ಉತ್ತರಿಸುತ್ತಾನೆ. ಉತ್ತರಿಸುವವರ ಸಂಖ್ಯೆ ಕುಸಿದಾಗ ವಿಶ್ವವಿದ್ಯಾಲಯಗಳು ಮತ್ತೆ ಮತ್ತೆ ನೆನಪೋಲೆ ಕಳುಹಿಸುತ್ತವೆ, ಕೆಲವು ಕಡೆ ನಮೂನೆ ತುಂಬದೆ ಮುಂದಿನ ಪುಟ ತೆರೆಯದಂತೆ ತಡೆಯೊಡ್ಡುತ್ತವೆ. ಹಾಗೆ ಸಂಖ್ಯೆ ಹೆಚ್ಚಿಸಬಹುದು, ಸತ್ಯವನ್ನು ಹೆಚ್ಚಿಸಲಾಗದು. ಹಿಂದಿನ ಸಲ ಹೇಳಿದ್ದರಲ್ಲಿ ಏನನ್ನು ಸರಿಪಡಿಸಲಾಯಿತು, ಏನನ್ನು ಯಾಕೆ ಸರಿಪಡಿಸಲಾಗಲಿಲ್ಲ ಎಂಬ ಅರ್ಧ ಪುಟದ ವಿವರಣೆ ಸೂಚನಾ ಫಲಕದಲ್ಲಿ ಕಾಣಿಸುವ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮೌನವಾಗಿರಲು ಕಾರಣವೇ ಉಳಿಯುವುದಿಲ್ಲ.