ಪೈಪ್ ಹಾಕದೆ ಪಾಸ್ ಬೇಡ

ನನ್ನ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಮೊನ್ನೆ ಹೊಗೆ ತಪಾಸಣೆಯಲ್ಲಿ ಫೇಲಾಯ್ತು. "ಇನ್ನೂರು ಜಾಸ್ತಿ ಕೊಡಿ ಸಾರ್, ಪೈಪ್ ಹಾಕದೇನೇ ಪಾಸ್ ಮಾಡ್ತೀನಿ" ಅಂದ ಹುಡುಗ. ಬೇಡ ಅಂದೆ. ಬೆಳಕು ಹರಿಯೋ ಮುಂಚೆ ಪೊರಕೆ ಹಿಡಿದು ರಸ್ತೆಗಿಳಿಯೋರು ನಮ್ಮ ಕೇರಿಯವರೇ. ನಮ್ಮವ್ವನೂ ಗುಡಿಸಿದವಳೇ. ಈ ಹೊಗೆ ಕುಡಿಯೋರು ಅವರು.

ಮೆಕ್ಯಾನಿಕ್ ನೋಡಿದ್ರೆ ಏರ್ ಫಿಲ್ಟರ್ ಧೂಳು ಕಟ್ಟಿ ಕರ್ರಗಾಗಿತ್ತು. ಅದನ್ನೂ ಸ್ಪಾರ್ಕ್ ಪ್ಲಗ್ಗನ್ನೂ ಬದಲಾಯಿಸಿದ. "ಇಪ್ಪತ್ತು ನಿಮಿಷ ಓಡ್ಸಿ, ಇಂಜಿನ್ ಬಿಸಿ ಇರುವಾಗ್ಲೇ ಟೆಸ್ಟಿಗೆ ಹೋಗಿ" ಅಂದ. ತಣ್ಣಗಿದ್ರೆ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಬರುತ್ತಂತೆ. ಈ ಸಲ ಪಾಸಾಯ್ತು.

2019ರ ತಿದ್ದುಪಡಿ ಕಾಯ್ದೆಯಲ್ಲಿ ದಂಡ 10,000 ರೂಪಾಯಿವರೆಗೆ ಇದೆ. ದಂಡದ ಭಯ ಗಾಡಿ ಓಡಿಸೋರಿಗೆ ಮಾತ್ರ ಯಾಕೆ? ಪೈಪ್ ಹಾಕದೆ ಚೀಟಿ ಮಾರೋ ಕೇಂದ್ರದ ಲೈಸೆನ್ಸ್ ಮೊದಲು ರದ್ದು ಮಾಡಿ.